ಮಡಿಕೇರಿಯ ವೀಕೆಂಡ್ ಪೈಥಾನ್ ಕ್ಲಾಸ್: ಇನ್‌ಹೆರಿಟೆನ್ಸ್ ಪಾಠಕ್ಕೆ ಪೂರ್ತಿ ಮಾರ್ಕ್ಸ್, ಉಳಿದದ್ದಕ್ಕೆ ಇಲ್ಲ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ. ಅದರಲ್ಲಿ ಎರಡು ಸ್ಟಾರ್ ಒಂದೇ ಒಂದು ಪಾಠಕ್ಕೆ. ಒಂದು ಕ್ಲಾಸಿನಿಂದ (ಅಂದರೆ ಆಬ್ಜೆಕ್ಟ್ ಮಾಡುವ ಅಚ್ಚಿನಿಂದ) ಅದರದ್ದೆಲ್ಲ ಪಡೆಯುವ ಸಬ್‌ಕ್ಲಾಸ್ ಮಾಡುವಾಗ, ಕನ್‌ಸ್ಟ್ರಕ್ಟರ್‌ಗೆ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್‌ಗೆ) ಬರುವ ಆರ್ಗ್ಯುಮೆಂಟ್‌ಗಳನ್ನು, ಅಂದರೆ ನಾವು ಕೊಡುವ ವಿವರಗಳನ್ನು, ಏನು ಮಾಡಬೇಕು ಅನ್ನುವ ಪಾಠ ಅದು. ಯೂಟ್ಯೂಬ್‌ನಲ್ಲಿ ಹುಡುಕಿದರೆ "ಸೂಪರ್ ಕರೆಯಿರಿ, ಆಯ್ತು" (ಸೂಪರ್ ಅಂದರೆ ಮೇಲಿನ ಪೇರೆಂಟ್ ಕ್ಲಾಸಿನ ಕೋಡನ್ನು ಕರೆಯುವ ದಾರಿ) ಎಂದು ಎರಡು ನಿಮಿಷದಲ್ಲಿ ದಾಟಿಸುತ್ತಾರೆ. ಇಲ್ಲಿ ಅದನ್ನೇ ಹಿಡಿದು ಕೂತು, ಬೇರೆ ಬೇರೆ ಕಡೆಯಿಂದ ಮುರಿದು, ಮತ್ತೆ ಜೋಡಿಸಿ ತೋರಿಸಿದರು. ಅಷ್ಟಕ್ಕೇ ಫೀಸ್ ವಸೂಲಾಯಿತು ಎಂದು ನನ್ನ ಲೆಕ್ಕ.

ಕ್ಲಾಸಿನ ಹೆಸರು ಹಾಕುವುದಿಲ್ಲ. ಮಡಿಕೇರಿ ಸಣ್ಣ ಊರು, ಕ್ಲಾಸೂ ಸಣ್ಣದು, ಮುಂದೆ ಬೈಗುಳವೂ ಇದೆ. ಫೀಸ್ ಎಷ್ಟು ಎಂದು ಕೇಳುವವರಿಗೆ: ಹೆಚ್ಚುಕಮ್ಮಿ ಒಂದು ಚೀಲ ರೋಬಸ್ಟಾ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ದುಡ್ಡು. ಬೆಂಗಳೂರಿನಲ್ಲಿ ಇದೇ ಕೋರ್ಸಿಗೆ ಕೇಳುವ ದುಡ್ಡಿನ ಮುಂದೆ ಇದು ಏನೂ ಅಲ್ಲ, ಮೇಲೆ ಪಿಜಿ ಬಾಡಿಗೆಯೂ ಇಲ್ಲ.

ನಾನು ಕಾಫಿ, ಕರಿಮೆಣಸು ಖರೀದಿ ಮಾಡುವ ಕಡೆ ಲೆಕ್ಕ ಬರೆಯುವವನು. ಎಕ್ಸೆಲ್ ಬಿಟ್ಟು ಸ್ವಂತ ಬಿಲ್ಲಿಂಗ್ ಪ್ರೋಗ್ರಾಂ ಬರೆಯೋಣ ಅನ್ನುವ ಆಸೆಗೆ ಸೇರಿದೆ. ಜೊತೆಗಿದ್ದವರು ಥರಾವರಿ. ಪೊನ್ನಂಪೇಟೆ, ಕುಶಾಲನಗರ ಕಡೆಯ ಇಂಜಿನಿಯರಿಂಗ್ ಹುಡುಗರು, ನಾಪೋಕ್ಲಿನ ಒಬ್ಬ ಬೆಳೆಗಾರ ಅಂಕಲ್, ಹೋಂಸ್ಟೇ ನಡೆಸುವ ಒಬ್ಬರು. ಮನೆಯಲ್ಲಿ ಒಬ್ಬರು ಕೊಡವ ತಕ್ಕ್, ಒಬ್ಬರು ಅರೆಭಾಷೆ, ಒಬ್ಬರು ಮಲಯಾಳ ಮಾತಾಡುವವರು. ಪಾಠ ಮಾತ್ರ ಕನ್ನಡದಲ್ಲೇ. ಕಲಿಸುವ ಮೇಡಂ ಸೋಮವಾರಪೇಟೆ ಕಡೆಯವರು. ಸುಮ್ನೆ ಇಂಗ್ಲಿಷ್ ಸ್ಲೈಡ್ ಓದಿ ಹೋಗುವ ಜಾತಿಯವರಲ್ಲ.

ಇಡೀ ಕೋರ್ಸಿಗೆ ಒಂದೇ ಉದಾಹರಣೆ ಇಟ್ಟುಕೊಂಡಿದ್ದಾರೆ, ಅದು ಒಳ್ಳೆಯದಾಯಿತು. ನಾಯಿ, ಬೆಕ್ಕು, ಪ್ರಾಣಿ ಅನ್ನುವ ಹಳೇ ಉದಾಹರಣೆ ಅಲ್ಲ. ಸರಕು ಅನ್ನುವ ಪೇರೆಂಟ್ ಕ್ಲಾಸ್. ಅದಕ್ಕೆ ಬೆಳೆಗಾರರ ಹೆಸರು, ತೂಕ, ದರ ಕೊಡಬೇಕು. ಅದರ ಕೆಳಗೆ ಚೆರಿ ಮತ್ತು ಮೆಣಸು ಅನ್ನುವ ಎರಡು ಚೈಲ್ಡ್ ಕ್ಲಾಸ್. ಚೆರಿಗೆ ಔಟ್‌ಟರ್ನ್ ಬೇಕು, ಅಂದರೆ 50 ಕೆಜಿ ಚೆರಿಯಿಂದ ಎಷ್ಟು ಕೆಜಿ ಬೇಳೆ (ಸಿಪ್ಪೆ ತೆಗೆದ ಕಾಫಿ ಬೀಜ) ಬರುತ್ತದೆ ಅನ್ನುವ ಲೆಕ್ಕ, ನಮ್ಮ ಕಡೆ ಎಲ್ಲರೂ ಓಟಿ ಅನ್ನುತ್ತಾರೆ. ಮೆಣಸಿಗೆ ಓಟಿ ಇಲ್ಲ, ಲೀಟರ್ ತೂಕ ಇದೆ, ಅಂದರೆ ಒಂದು ಲೀಟರ್ ಅಳತೆಯ ಮೆಣಸು ಎಷ್ಟು ತೂಗುತ್ತದೆ ಅನ್ನುವುದು. ಪ್ರತಿ ಸರಕಿಗೂ ತನ್ನದೇ ಒಂದು ಹೆಚ್ಚಿನ ವಿಷಯ ಇದೆಯಲ್ಲ, ಕನ್‌ಸ್ಟ್ರಕ್ಟರ್ ತಲೆನೋವು ಶುರುವಾಗುವುದೇ ಅಲ್ಲಿಂದ.

ಕ್ಲಾಸಿನ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಟೈಪ್ ಮಾಡಿಸಿದರು. ಪೈಥಾನ್ 3ರಲ್ಲಿ ಅದಕ್ಕೆ ಅವಕಾಶ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಸರಕು, ಚೆರಿ, ಮೆಣಸು ಎಲ್ಲ ಸಲೀಸಾಗಿ ಓಡುತ್ತವೆ. ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ) ಎಂದು ಬರೆದಾಗ ಮಾತ್ರ ಸಿಂಟ್ಯಾಕ್ಸ್ ಎರರ್. ಯಾಕೆ ಗೊತ್ತಾ? ಅರ್ಧಾಕ್ಷರ ಬಿಡಿಸಿ ತೋರಿಸಲು ನಮ್ಮ ಕೀಬೋರ್ಡ್ ಮಧ್ಯದಲ್ಲಿ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ತೂರಿಸುತ್ತದೆ, ಪೈಥಾನ್ ಅದನ್ನು ಹೆಸರಿನ ಒಳಗೆ ಒಪ್ಪುವುದಿಲ್ಲ. ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತಿರುತ್ತದೆ, ಎರರ್ ಮಾತ್ರ ಹೋಗುವುದಿಲ್ಲ. ಇಂಥದ್ದನ್ನು ಬೇರೆ ಎಲ್ಲೂ ಹೇಳಿಕೊಡುವುದಿಲ್ಲ ಬಿಡಿ.

ಈಗ ಆ ಪಾಠದ ವಿಷಯಕ್ಕೆ. ಮೊದಲು ಚೆರಿ ಕ್ಲಾಸಿಗೆ ಅದರದೇ ಇನಿಟ್ (ಪೈಥಾನ್‌ನಲ್ಲಿ ಕನ್‌ಸ್ಟ್ರಕ್ಟರ್‌ಗೆ ಇರುವ ಹೆಸರು) ಬರೆಸಿದರು, ಓಟಿ ಒಂದನ್ನು ಇಟ್ಟುಕೊಳ್ಳುವಂಥದ್ದು. ಪೇರೆಂಟ್‌ನ ಇನಿಟ್ ಕರೆಯುವ ಸಾಲನ್ನು ಬೇಕೆಂದೇ ಬಿಟ್ಟರು. ಆಬ್ಜೆಕ್ಟ್ ಆರಾಮಾಗಿ ತಯಾರಾಯಿತು. ಯಾವ ಎರರ್ರೂ ಇಲ್ಲ. ಎಷ್ಟೋ ಸಾಲು ಕೆಳಗೆ, ಬಿಲ್ ಪ್ರಿಂಟ್ ಮಾಡುವಾಗ, ತೂಕ ಅನ್ನುವ ಆಟ್ರಿಬ್ಯೂಟ್ (ಆಬ್ಜೆಕ್ಟ್ ತನ್ನೊಳಗೆ ಇಟ್ಟುಕೊಳ್ಳುವ ವಿವರ) ಇಲ್ಲ ಎಂದು ಬಿತ್ತು. ಎಲ್ಲರೂ ಬಿಲ್ ಪ್ರಿಂಟ್ ಮಾಡುವ ಫಂಕ್ಷನ್ನಲ್ಲೇ ತಪ್ಪು ಹುಡುಕುತ್ತಾ ಕೂತರು. ಮೇಡಂ ಸುಮ್ಮನೆ ನೋಡುತ್ತಿದ್ದರು. ಕೊನೆಗೆ ಅಂಕಲ್ ಕೇಳಿದರು, "ಅಲ್ಲ ಮೇಡಂ, ಇನ್‌ಹೆರಿಟ್ ಅಂತ ಬರೆದಾಯ್ತಲ್ಲ, ಅಪ್ಪನದ್ದೆಲ್ಲ ತಾನಾಗೇ ಬರಬೇಕಲ್ವಾ?"

"ಅಂಕಲ್, ನಿಮ್ಮ ತೋಟ ನಿಮ್ಮ ತಂದೆ ಹೋದ ಮೇಲೆ ತಾನಾಗೇ ನಿಮ್ಮ ಹೆಸರಿಗೆ ಬಂತಾ? ಪೌತಿ ಖಾತೆ ಮಾಡಿಸಿಲ್ವಾ?"

ಇಡೀ ಕ್ಲಾಸ್ ನಕ್ಕಿತು. ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯದ ಜಮೀನಿನ) ಆರ್‌ಟಿಸಿಗೆ ಹೆಸರು ಸೇರಿಸಲು ತಾಲೂಕು ಆಫೀಸಿಗೆ ಅಲೆದವರಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ. ಪೈಥಾನ್‌ನಲ್ಲಿ ಚೈಲ್ಡ್ ತನ್ನ ಇನಿಟ್ ಬರೆಯದೇ ಇದ್ದರೆ ಪೇರೆಂಟ್‌ನದ್ದೇ ಓಡುತ್ತದೆ. ಬರೆದರೆ ಪೇರೆಂಟ್‌ನದ್ದು ಓಡುವುದೇ ಇಲ್ಲ, ಸೂಪರ್ ಮೂಲಕ ನಾವೇ ಕರೆಯಬೇಕು. ಬರೆದ ಕೂಡಲೇ ಆ ಜವಾಬ್ದಾರಿ ನಮ್ಮ ತಲೆಗೆ.

ಬೇರೆ ಭಾಷೆಗಳಲ್ಲಿ ಏನಾಗುತ್ತದೆ ಎಂದೂ ಹೇಳಿದರು, ಇದು ನನಗೆ ಇಷ್ಟವಾಯಿತು. ಜಾವಾದಲ್ಲಿ ನಾವು ಸೂಪರ್ ಬರೆಯದಿದ್ದರೆ ಕಂಪೈಲರ್ರೇ ಆರ್ಗ್ಯುಮೆಂಟ್ ಇಲ್ಲದ ಒಂದು ಸೂಪರ್ ಕರೆ ಸೇರಿಸುತ್ತದೆ. ಪೇರೆಂಟ್‌ಗೆ ಹಾಗೆ ಖಾಲಿ ಕನ್‌ಸ್ಟ್ರಕ್ಟರ್ ಇಲ್ಲದಿದ್ದರೆ ಕಂಪೈಲ್ ಆಗುವುದೇ ಇಲ್ಲ. ಅಂದರೆ ತಪ್ಪು ಬೆಳಿಗ್ಗೆಯೇ ಸಿಗುತ್ತದೆ, ಸಂಜೆ ಬಿಲ್ ಹೊಡೆಯುವಾಗ ಅಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಸೂಪರ್ ಕರೆಯುವ ಮೊದಲು ದಿಸ್ (ತಯಾರಾಗುತ್ತಿರುವ ಆಬ್ಜೆಕ್ಟ್) ಮುಟ್ಟಿದರೆ ಅಲ್ಲೇ ರೆಫರೆನ್ಸ್ ಎರರ್. ಪಿಎಚ್‌ಪಿ ಮಾತ್ರ ಪೈಥಾನ್ ಥರವೇ ಮೌನಿ. ಪೈಥಾನ್ ಈ ವಿಷಯದಲ್ಲಿ ನಮ್ಮನ್ನು ಜಾಸ್ತಿ ನಂಬುತ್ತದೆ ಎಂದು ಮೇಡಂ ಹೇಳಿದರು. ಅಷ್ಟು ನಂಬಬಾರದಿತ್ತು ಅಂತ ನನ್ನ ಅಭಿಪ್ರಾಯ.

ಇದಾದ ಮೇಲೆ ಎರಡನೇ ಸುತ್ತು. ಪೇರೆಂಟ್ ಕೇಳುವ ಮೂರೂ ಆರ್ಗ್ಯುಮೆಂಟ್‌ಗಳನ್ನು ಚೆರಿಯ ಇನಿಟ್‌ನಲ್ಲಿ ಮತ್ತೆ ಬರೆಯಬೇಕು, ಮೆಣಸಿನಲ್ಲಿ ಮತ್ತೆ ಬರೆಯಬೇಕು, ನಾಳೆ ಪಾರ್ಚ್‌ಮೆಂಟ್ ಬಂದರೆ ಮತ್ತೆ ಬರೆಯಬೇಕು. ಆಮೇಲೆ ಸರಕಿಗೆ ತೇವಾಂಶ ಅನ್ನುವ ಹೊಸ ಆರ್ಗ್ಯುಮೆಂಟ್ ಸೇರಿಸಿದರೆ ಎಲ್ಲ ಕಡೆ ಓಡಾಡಿ ತಿದ್ದಬೇಕು. ಇಂಜಿನಿಯರಿಂಗ್ ಹುಡುಗರು ತಕ್ಷಣ ಎರಡು ನಕ್ಷತ್ರ ಹಾಕಿ ಕ್ವಾರ್ಗ್ಸ್ (ಹೆಸರು ಹೇಳಿ ಕೊಟ್ಟ ಉಳಿದ ಆರ್ಗ್ಯುಮೆಂಟ್‌ಗಳನ್ನೆಲ್ಲ ತುಂಬಿಕೊಳ್ಳುವ ಚೀಲ) ಬರೆದುಬಿಟ್ಟರು. ಬಂದದ್ದನ್ನೆಲ್ಲ ಮೇಲಕ್ಕೆ ತಳ್ಳು, ನನಗೆ ಬೇಕಾದ ಓಟಿ ಒಂದನ್ನು ಇಟ್ಟುಕೊಳ್ಳುತ್ತೇನೆ ಅನ್ನುವ ಉಪಾಯ. ನೋಡಲು ಬಹಳ ಚಂದ. ಮೂರು ಸಾಲಿನಲ್ಲಿ ಮುಗಿಯುತ್ತದೆ.

ಮೇಡಂ ಅದನ್ನು ಬೇಡ ಅನ್ನಲಿಲ್ಲ. ಪೇರೆಂಟ್‌ನಲ್ಲಿಯೂ ಕ್ವಾರ್ಗ್ಸ್ ಇಡಿಸಿದರು, ದರಕ್ಕೆ ಸೊನ್ನೆ ಅನ್ನುವ ಡಿಫಾಲ್ಟ್ ಹಾಕಿಸಿದರು, ಆಮೇಲೆ ಕರೆಯುವ ಕಡೆ ದರ ಬದಲು ಧರ ಎಂದು ಟೈಪ್ ಮಾಡಿದರು. ಮಹಾಪ್ರಾಣ ಒಂದೇ ವ್ಯತ್ಯಾಸ. ಪ್ರೋಗ್ರಾಂ ಖುಷಿಯಾಗಿ ಓಡಿತು. ಧರ ಅನ್ನುವುದು ಕ್ವಾರ್ಗ್ಸ್ ಒಳಗೆ ಬಿದ್ದು ಕಳೆದುಹೋಯಿತು, ದರ ಸೊನ್ನೆಯಾಗಿಯೇ ಉಳಿಯಿತು, ಬೆಳೆಗಾರನಿಗೆ ಸೊನ್ನೆ ರೂಪಾಯಿಯ ಬಿಲ್. ಆಮೇಲೆ ಅದೇ ಪೇರೆಂಟ್‌ನಲ್ಲಿ ಉಳಿದ ಕ್ವಾರ್ಗ್ಸ್ ಅನ್ನು ಸೂಪರ್ ಮೂಲಕ ಇನ್ನೂ ಮೇಲಕ್ಕೆ ಕಳಿಸಿ ತೋರಿಸಿದರು. ಎಲ್ಲಕ್ಕೂ ಮೇಲೆ ಇರುವುದು ಆಬ್ಜೆಕ್ಟ್ ಅನ್ನುವ ಕ್ಲಾಸ್ ಅಲ್ವಾ, ಅದು ಯಾವ ಹೆಚ್ಚಿನ ಆರ್ಗ್ಯುಮೆಂಟನ್ನೂ ತೆಗೆದುಕೊಳ್ಳುವುದಿಲ್ಲ, ಟೈಪ್ ಎರರ್ ಕೊಟ್ಟು ನಿಲ್ಲಿಸುತ್ತದೆ. ಹಾಗಾಗಿ ಕ್ವಾರ್ಗ್ಸ್ ಇಟ್ಟುಕೊಂಡರೆ ಅದನ್ನು ಎಲ್ಲೂ ನುಂಗಬಾರದು, ಮೇಲಿನವರೆಗೂ ದಾಟಿಸಬೇಕು. ದಾಟಿಸುವುದಿಲ್ಲ ಅಂದರೆ ಕ್ವಾರ್ಗ್ಸ್ ಇಡಲೇಬಾರದು, ಆರ್ಗ್ಯುಮೆಂಟ್ ಹೆಸರುಗಳನ್ನು ಬಿಡಿಸಿ ಬರೆಯಬೇಕು.

ನನ್ನ ಮತ ಕೇಳಿದರೆ ಬಿಡಿಸಿ ಬರೆಯುವುದೇ ವಾಸಿ. ನಾಲ್ಕು ಹೆಸರು ಮತ್ತೆ ಟೈಪ್ ಮಾಡುವುದರಲ್ಲಿ ಬೆರಳೇನೂ ಸವೆಯುವುದಿಲ್ಲ. ಎಡಿಟರ್‌ನಲ್ಲಿ ಚೆರಿ ಎಂದು ಬರೆದು ಬ್ರಾಕೆಟ್ ತೆರೆದರೆ ಏನೇನು ಕೊಡಬೇಕು ಎಂದು ಅಲ್ಲೇ ಕಾಣುತ್ತದೆ. ಕ್ವಾರ್ಗ್ಸ್ ಇದ್ದರೆ ಕ್ವಾರ್ಗ್ಸ್ ಎಂದಷ್ಟೇ ಕಾಣುತ್ತದೆ, ಪೇರೆಂಟ್ ತೆರೆದು ಓದಬೇಕು, ಅದರ ಪೇರೆಂಟ್ ತೆರೆದು ಓದಬೇಕು.

ಅದೇ ದಿನ ಇನ್ನೊಂದು ಒಳ್ಳೆಯ ಮಾತು ಬಂತು. ತೂಕ, ದರ ಎರಡೂ ಬರೀ ಸಂಖ್ಯೆ. ಹೆಸರು ಹೇಳದೆ ಸುಮ್ನೆ ಸಾಲಾಗಿ ಕೊಟ್ಟರೆ ಅದಲುಬದಲಾದರೂ ಪೈಥಾನ್‌ಗೆ ಗೊತ್ತಾಗುವುದಿಲ್ಲ. ಮಜಾ ಏನೆಂದರೆ ಬಿಲ್ಲಿನ ಮೊತ್ತವೂ ಬದಲಾಗುವುದಿಲ್ಲ! 40 ಕೆಜಿ ಮೆಣಸು, ಕೆಜಿಗೆ 650 ಎಂದು ಇಟ್ಟುಕೊಳ್ಳಿ, 26,000. ತಿರುಗಿಸಿ ಕೊಟ್ಟರೆ 650 ಕೆಜಿ, ಕೆಜಿಗೆ 40, ಅದೂ 26,000. ದುಡ್ಡು ಸರಿ, ಸ್ಟಾಕ್ ರಿಜಿಸ್ಟರ್ ಮಾತ್ರ ಹಾಳು. ಗೋಡೌನ್‌ನಲ್ಲಿ ಇಲ್ಲದ ಮೆಣಸು ಪುಸ್ತಕದಲ್ಲಿ ಕೂತಿರುತ್ತದೆ. ಲೆಕ್ಕ ಬರೆಯುವವನಿಗೆ ಇದಕ್ಕಿಂತ ದೊಡ್ಡ ಭೂತ ಇಲ್ಲ. ಪರಿಹಾರ ಸುಲಭ: ಇನಿಟ್‌ನಲ್ಲಿ ಸೆಲ್ಫ್ (ಆ ಆಬ್ಜೆಕ್ಟೇ) ಆದ ಮೇಲೆ ಒಂದು ಬಿಡಿ ನಕ್ಷತ್ರ ಹಾಕಿದರೆ, ಅದರ ನಂತರದ್ದನ್ನೆಲ್ಲ ಹೆಸರು ಹೇಳಿಯೇ ಕೊಡಬೇಕು. ಪೈಥಾನ್ 3 ಬಂದಾಗಿನಿಂದ ಇದೆ. ಸಬ್‌ಕ್ಲಾಸ್ ಇದ್ದಾಗಲಂತೂ ಇದು ಇನ್ನೂ ಮುಖ್ಯ, ಯಾಕೆಂದರೆ ಪೇರೆಂಟ್ ನಾಳೆ ಆರ್ಗ್ಯುಮೆಂಟ್‌ಗಳ ಕ್ರಮ ಬದಲಾಯಿಸಿದರೂ ಚೈಲ್ಡ್‌ನ ಸೂಪರ್ ಕರೆ ಕೆಡುವುದಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದರ ಮುಂದಿನದ್ದು. ಚೈಲ್ಡ್ ಅಂದರೆ ಪೇರೆಂಟ್ ಕೇಳಿದ್ದು ಪ್ಲಸ್ ಇನ್ನೊಂದಿಷ್ಟು ಎಂದೇ ಎಲ್ಲರ ತಲೆಯಲ್ಲಿರುತ್ತದೆ. ಹಾಗೇನೂ ಇಲ್ಲ. ಚೈಲ್ಡ್ ಕಡಿಮೆಯೂ ಕೇಳಬಹುದು. ಸರಕಿಗೆ "ಎಷ್ಟು ಕೆಜಿಗೆ ಈ ದರ" ಅನ್ನುವ ಒಂದು ಆರ್ಗ್ಯುಮೆಂಟ್ ಸೇರಿಸಿದರು. ಚೆರಿಗೆ ದರ ಹೇಳುವುದು 50 ಕೆಜಿ ಚೀಲಕ್ಕೆ, ಮೆಣಸಿಗೆ ಕೆಜಿಗೆ. ಇದನ್ನು ಬಿಲ್ ಹಾಕುವ ಹುಡುಗನ ಹತ್ತಿರ ಪ್ರತಿ ಸಲ ಕೇಳುವುದು ಯಾಕೆ? ಚೆರಿಯ ಇನಿಟ್ ಅದನ್ನು ಹೊರಗಿನವರಿಗೆ ಕೇಳುವುದೇ ಇಲ್ಲ, ಒಳಗಿನಿಂದ ತಾನೇ 50 ಎಂದು ಸೂಪರ್‌ಗೆ ಕೊಡುತ್ತದೆ. ಮೆಣಸು ತಾನೇ 1 ಎಂದು ಕೊಡುತ್ತದೆ. ಪೇರೆಂಟ್‌ಗೆ ಬೇಕಾದದ್ದು ಸಿಕ್ಕಿದರೆ ಆಯಿತು, ಅದು ಹೊರಗಿನಿಂದ ಬಂತೋ ಚೈಲ್ಡ್ ತಾನೇ ಗೊತ್ತುಮಾಡಿ ಕೊಟ್ಟಿತೋ ಅದಕ್ಕೆ ಬೇಕಿಲ್ಲ. ಸಬ್‌ಕ್ಲಾಸ್ ಯಾಕೆ ಮಾಡುತ್ತೇವೆ ಅನ್ನುವುದು ನನಗೆ ಇಲ್ಲಿ ನಿಜವಾಗಿ ಅರ್ಥವಾಯಿತು. ಚೆರಿಗೆ ಗೊತ್ತಿರುವ ವಿಷಯ ಚೆರಿಯ ಒಳಗೇ ಇರಬೇಕು.

ಒಬ್ಬ ಹುಡುಗ ಕೈ ಎತ್ತಿದ, ಇದು ಲಿಸ್ಕೋವ್ ನಿಯಮ ಮುರಿಯುವುದಿಲ್ಲವಾ ಎಂದು. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರಲ್ಲಿ ಹೇಳಿದ ಮಾತು, ಪೇರೆಂಟ್ ಇರುವ ಕಡೆ ಚೈಲ್ಡ್ ಇಟ್ಟರೂ ಪ್ರೋಗ್ರಾಂ ಸರಿಯಾಗಿ ನಡೆಯಬೇಕು ಅನ್ನುವುದು. ಮುರಿಯುವುದಿಲ್ಲ, ಯಾಕೆಂದರೆ ಅದು ಹುಟ್ಟಿದ ಆಬ್ಜೆಕ್ಟ್ ಹೇಗೆ ನಡೆದುಕೊಳ್ಳಬೇಕು ಅನ್ನುವುದರ ಬಗ್ಗೆ. ಹುಟ್ಟಿಸುವಾಗ ಏನು ಕೇಳಬೇಕು ಅನ್ನುವುದರ ಬಗ್ಗೆ ಅಲ್ಲ. ಒಳ್ಳೆಯ ಪ್ರಶ್ನೆ, ಒಳ್ಳೆಯ ಉತ್ತರ.

ಆದರೆ ಇಲ್ಲಿಯೇ ನನ್ನ ಮೊದಲ ತಕರಾರು. ಕನ್‌ಸ್ಟ್ರಕ್ಟರ್ ಬೇರೆ ಬೇರೆ ಇದ್ದರೆ ನಿಜವಾಗಿ ಪೆಟ್ಟು ಬೀಳುವ ಒಂದು ಜಾಗ ಇದೆ, ಅದನ್ನು ಹೇಳಲಿಲ್ಲ. ಸರಕಿನಲ್ಲಿ ಸಿಎಸ್‌ವಿ (ಎಕ್ಸೆಲ್‌ನಿಂದ ಹೊರತೆಗೆಯುವ, ಅಲ್ಪವಿರಾಮ ಹಾಕಿದ ಫೈಲ್) ಸಾಲಿನಿಂದ ಆಬ್ಜೆಕ್ಟ್ ಮಾಡಿಕೊಡುವ ಒಂದು ಕ್ಲಾಸ್‌ಮೆಥಡ್ (ಆಬ್ಜೆಕ್ಟ್ ಇಲ್ಲದೆ ಕ್ಲಾಸಿನ ಮೇಲೇ ಕರೆಯುವ ಫಂಕ್ಷನ್) ಇದೆ ಎಂದುಕೊಳ್ಳಿ. ಅದು ಒಳಗೆ ತನ್ನ ಕ್ಲಾಸಿಗೆ ಹೆಸರು, ತೂಕ, ದರ ಕೊಟ್ಟು ಕರೆಯುತ್ತದೆ. ಚೆರಿ ಅದನ್ನೂ ಇನ್‌ಹೆರಿಟ್ ಮಾಡುತ್ತದೆ. ಚೆರಿಯ ಮೇಲೆ ಕರೆದರೆ ಓಟಿ ಎಲ್ಲಿ ಎಂದು ಟೈಪ್ ಎರರ್. ಪೇರೆಂಟ್ ಬರೆದವನಿಗೆ ಓಟಿ ಅಂದರೇನೆಂದೇ ಗೊತ್ತಿಲ್ಲ ಪಾಪ. ಹಾಗಾಗಿ ಇಂಥ ಕ್ಲಾಸ್‌ಮೆಥಡ್ ಇದ್ದರೆ ಚೈಲ್ಡ್ ಅದನ್ನೂ ತಿರುಗಿ ಬರೆಯಬೇಕು, ಇಲ್ಲವಾದರೆ ಆ ಕೆಲಸವನ್ನು ಕ್ಲಾಸಿನಿಂದ ಹೊರಗೆ ಬೇರೆ ಫಂಕ್ಷನ್ನಿಗೆ ಹಾಕಬೇಕು. ನಮ್ಮ ಕಡೆ ಹಳೇ ಬಿಲ್ಲುಗಳೆಲ್ಲ ಎಕ್ಸೆಲ್‌ನಲ್ಲೇ ಇರುವುದು, ಇದು ಮೊದಲ ವಾರವೇ ಎದುರಾಗುವ ಸಮಸ್ಯೆ. ಪಾಠದಲ್ಲಿ ಇರಲೇಬೇಕಿತ್ತು.

ಸೂಪರ್ ಕರೆ ಮೊದಲೋ ಓಟಿ ಇಡುವುದು ಮೊದಲೋ ಅನ್ನುವ ಚರ್ಚೆ ಮಾತ್ರ ಚೆನ್ನಾಗಿತ್ತು. ಸರಕಿನ ಇನಿಟ್ ಕೊನೆಯಲ್ಲಿ ಮೊತ್ತ ಲೆಕ್ಕ ಹಾಕುವ ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಕರೆಯುತ್ತದೆ, ಚೆರಿ ಆ ಮೆಥಡನ್ನು ಓಟಿ ಹಿಡಿದು ಲೆಕ್ಕ ಹಾಕುವಂತೆ ತಿರುಗಿ ಬರೆದಿದೆ. ಈಗ ಚೆರಿ ಮೊದಲು ಸೂಪರ್ ಕರೆದು ಆಮೇಲೆ ಓಟಿ ಇಟ್ಟರೆ, ಪೇರೆಂಟ್ ಓಡುತ್ತಿರುವಾಗಲೇ ಚೆರಿಯ ಮೆಥಡ್ ಎದ್ದು ಓಟಿ ಹುಡುಕುತ್ತದೆ, ಓಟಿ ಇನ್ನೂ ಹುಟ್ಟೇ ಇಲ್ಲ. ಪೈಥಾನ್‌ನಲ್ಲಿ ಆಟ್ರಿಬ್ಯೂಟ್ ಎರರ್ ಬರುತ್ತದೆ, ಅದು ಪುಣ್ಯ. ಜಾವಾದಲ್ಲಿ ಇದೇ ಬರೆದರೆ ಎರರ್ ಕೂಡ ಇಲ್ಲ, ಓಟಿ ಸೊನ್ನೆ ಎಂದು ಹಿಡಿದು ಬಿಲ್ ಸೊನ್ನೆ ಮಾಡುತ್ತದೆ. ಸಿ++ ಇನ್ನೊಂದು ಥರ, ಪೇರೆಂಟ್‌ನ ಕನ್‌ಸ್ಟ್ರಕ್ಟರ್ ಓಡುವಾಗ ಪೇರೆಂಟ್‌ನ ಮೆಥಡ್ಡೇ ಓಡುತ್ತದೆ, ಚೆರಿಯ ಲೆಕ್ಕ ಬರುವುದೇ ಇಲ್ಲ. ಒಂದೇ ತಪ್ಪು, ಮೂರು ಭಾಷೆಯಲ್ಲಿ ಮೂರು ಮುಖ. ಕನ್‌ಸ್ಟ್ರಕ್ಟರ್ ಒಳಗಿನಿಂದ ಚೈಲ್ಡ್ ಬದಲಾಯಿಸಬಹುದಾದ ಮೆಥಡ್ ಕರೆಯಬೇಡಿ, ಮೊತ್ತ ಬೇಕಾದಾಗ ಕೇಳಿ ಲೆಕ್ಕ ಹಾಕಿ ಎಂದರು. ಸರಿಯಾದ ಮಾತು.

ಆದರೆ ಇದೇ ಸಂದರ್ಭದಲ್ಲಿ ಹಂಚಿದ ಪ್ರಿಂಟ್ ನೋಟ್ಸ್‌ನಲ್ಲಿ "ಜಾವಾದಲ್ಲಿ ಸೂಪರ್ ಕರೆ ಮೊದಲ ಸಾಲೇ ಆಗಿರಬೇಕು" ಎಂದಿದೆ. ಬಹಳ ವರ್ಷ ಹಾಗೇ ಇತ್ತು, ನಿಜ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 25ರಲ್ಲಿ ಆ ಕಟ್ಟು ಸಡಿಲವಾಗಿದೆ. ಸೂಪರ್‌ಗೆ ಮೊದಲೇ ಆರ್ಗ್ಯುಮೆಂಟ್ ಸರಿ ಇದೆಯಾ ಎಂದು ಪರೀಕ್ಷೆ ಮಾಡಬಹುದು, ತನ್ನ ಫೀಲ್ಡ್‌ಗೆ (ಆಟ್ರಿಬ್ಯೂಟ್‌ಗೆ) ಮೌಲ್ಯವನ್ನೂ ಇಡಬಹುದು. ಅದೇ ನೋಟ್ಸ್‌ನಲ್ಲಿ ಪೈಥಾನ್‌ನ ಸೂಪರ್ ಒಳಗೆ ಕ್ಲಾಸಿನ ಹೆಸರು ಮತ್ತು ಸೆಲ್ಫ್ ಬರೆಯುವ ಹಳೇ ಶೈಲಿಯೇ ಇದೆ. 2008ರಲ್ಲಿ ಪೈಥಾನ್ 3.0 ಬಂದಾಗಿನಿಂದ ಖಾಲಿ ಬ್ರಾಕೆಟ್ ಸಾಕು. ಹಳೆಯದೂ ಓಡುತ್ತದೆ, ಆದರೆ ಕ್ಲಾಸಿನ ಹೆಸರು ಬದಲಾಯಿಸಿದಾಗ ಅದನ್ನೂ ನೆನಪಿಟ್ಟು ಬದಲಾಯಿಸಬೇಕು. ಬೋರ್ಡ್ ಮೇಲೆ ಮೇಡಂ ಹೊಸದನ್ನೇ ಬರೆಯುತ್ತಾರೆ, ಕೈಗೆ ಕೊಡುವ ಕಾಗದದಲ್ಲಿ ಹಳೆಯದು. ನೋಟ್ಸ್‌ಗೆ ಬೇರೆ ದುಡ್ಡು ತೆಗೆದುಕೊಂಡ ಮೇಲೆ ಇಷ್ಟಾದರೂ ತಿದ್ದಬೇಕಿತ್ತು.

ಮಲ್ಟಿಪಲ್ ಇನ್‌ಹೆರಿಟೆನ್ಸ್ (ಒಂದು ಕ್ಲಾಸಿಗೆ ಒಂದಕ್ಕಿಂತ ಹೆಚ್ಚು ಪೇರೆಂಟ್) ಬೇಗ ಮುಗಿಸಿದರು, ಬೇಗ ಮುಗಿದದ್ದೇ ಒಳ್ಳೆಯದು. ಲಾರಿ ಬಾಡಿಗೆ ಸೇರಿಸುವ ಸಾಗಣೆ ಅನ್ನುವ ಮಿಕ್ಸಿನ್ (ಬೇರೆ ಕ್ಲಾಸಿಗೆ ಬೆರೆಸುವ ಸಣ್ಣ ಕ್ಲಾಸ್), ಅದನ್ನೂ ಚೆರಿಯನ್ನೂ ಸೇರಿಸಿ ಒಂದು ಕ್ಲಾಸ್. ಆಗ ಸಾಗಣೆಯ ಒಳಗಿನ ಸೂಪರ್ ಹೋಗುವುದು ಸಾಗಣೆಯ ಪೇರೆಂಟ್‌ಗೆ ಅಲ್ಲ, ಸಾಲಿನಲ್ಲಿ ಮುಂದೆ ನಿಂತಿರುವ ಚೆರಿಗೆ. ಈ ಸಾಲು ಗೊತ್ತುಮಾಡುವ ಸಿ3 ಕ್ರಮ ಪೈಥಾನ್ 2.3ರಿಂದ ಇದೆ. ಮುಂದೆ ಯಾರು ಬರುತ್ತಾರೆ ಎಂದು ಸಾಗಣೆಗೆ ಗೊತ್ತಿಲ್ಲದ ಕಾರಣ ಅದು ಕ್ವಾರ್ಗ್ಸ್ ತೆಗೆದುಕೊಂಡು ದಾಟಿಸಲೇಬೇಕು. ಕ್ವಾರ್ಗ್ಸ್‌ಗೆ ನಿಜವಾದ ಕೆಲಸ ಇರುವುದು ಇಂಥ ಕಡೆ.

ಚಹಾ ಬ್ರೇಕ್‌ನಲ್ಲಿ ಮೇಡಂ ಹೇಳಿದ ಒಂದು ಕಥೆ ಪಾಠದೊಳಗೇ ಇರಬೇಕಿತ್ತು. ಕ್ಲಾಸ್, ಸಬ್‌ಕ್ಲಾಸ್ ಅನ್ನುವುದು ಶುರುವಾದದ್ದೇ ನಾರ್ವೆಯ ಡಾಲ್ ಮತ್ತು ನ್ಯೂಗೋರ್ಡ್ ಮಾಡಿದ ಸಿಮುಲಾ 67 ಅನ್ನುವ ಭಾಷೆಯಲ್ಲಿ. ಅಲ್ಲಿ ಈ ತಲೆನೋವೇ ಇರಲಿಲ್ಲ. ಪೇರೆಂಟ್‌ನ ಪ್ಯಾರಾಮೀಟರ್‌ಗಳ ಹಿಂದೆ ಚೈಲ್ಡ್‌ನದ್ದು ತಾನಾಗಿ ಅಂಟಿಕೊಳ್ಳುತ್ತಿತ್ತು, ಕರೆಯುವವನು ಎಲ್ಲವನ್ನೂ ಸಾಲಾಗಿ ಕೊಡುತ್ತಿದ್ದ. ಸೂಪರ್ ಕರೆಯುವ ಮಾತೇ ಇಲ್ಲ. ಆದರೆ ಚೆರಿ ತಾನೇ 50 ಕೊಡುತ್ತದಲ್ಲ, ಆ ಸ್ವಾತಂತ್ರ್ಯವೂ ಇಲ್ಲ.

ಪೈಥಾನ್‌ನ ಡೇಟಾಕ್ಲಾಸ್ ಮಾಡುವುದೂ ಹೆಚ್ಚುಕಮ್ಮಿ ಅದನ್ನೇ. 2018ರಲ್ಲಿ 3.7ರ ಜೊತೆ ಬಂತು. ಪೇರೆಂಟ್‌ನ ಫೀಲ್ಡ್‌ಗಳು ಮೊದಲು, ಚೈಲ್ಡ್‌ನದ್ದು ಆಮೇಲೆ, ಎಲ್ಲ ಸೇರಿ ಒಂದು ಇನಿಟ್ ತಾನಾಗಿ ತಯಾರು. ಕೋರ್ಸಿನಲ್ಲಿ ಇದನ್ನು ಸೇರಿಸಿಯೇ ಇಲ್ಲ, ಇದು ನನ್ನ ಎರಡನೇ ದೊಡ್ಡ ತಕರಾರು. ಬಿಲ್ಲಿಂಗ್‌ನಂಥ ಕೆಲಸಕ್ಕೆ ಎಲ್ಲರೂ ಕೊನೆಗೆ ಬಳಸುವುದು ಇದನ್ನೇ. ಇದರಲ್ಲೂ ಗುಂಡಿಗಳಿವೆ. ಸರಕಿನಲ್ಲಿ ತೇವಾಂಶಕ್ಕೆ ಡಿಫಾಲ್ಟ್ ಇಟ್ಟು, ಚೆರಿಯಲ್ಲಿ ಓಟಿಗೆ ಡಿಫಾಲ್ಟ್ ಇಡದಿದ್ದರೆ, ಡಿಫಾಲ್ಟ್ ಇದ್ದದ್ದರ ಹಿಂದೆ ಇಲ್ಲದ್ದು ಬರಬಾರದು ಎಂದು ಕ್ಲಾಸ್ ಓದುವಾಗಲೇ ಟೈಪ್ ಎರರ್. ಓಟಿಗೆ ಸುಮ್ನೆ ಒಂದು ಡಿಫಾಲ್ಟ್ ಹಾಕಿ ಬಾಯಿ ಮುಚ್ಚಿಸುವವರು ಜಾಸ್ತಿ, ಅದು ಕೆಟ್ಟ ದಾರಿ, ಓಟಿ ಕೊಡುವುದು ಮರೆತರೆ ಬಿಲ್ ತಪ್ಪುತ್ತದೆ. ಪೈಥಾನ್ 3.10ರಿಂದ ಎಲ್ಲವನ್ನೂ ಕೀವರ್ಡ್ ಮಾತ್ರ ಎಂದು ಮಾಡುವ ಆಯ್ಕೆ ಇದೆ, ಅದನ್ನು ಹಾಕಿದರೆ ಸಮಸ್ಯೆ ಮುಗಿಯಿತು. ಇನ್ನೊಂದು, ತಾನಾಗಿ ತಯಾರಾದ ಆ ಇನಿಟ್ ಪೇರೆಂಟ್‌ನ ಇನಿಟ್ ಕರೆಯುವುದಿಲ್ಲ. ಪೇರೆಂಟ್ ಮಾಮೂಲಿ ಕ್ಲಾಸ್ ಆಗಿದ್ದರೆ ಪೋಸ್ಟ್ ಇನಿಟ್ (ಇನಿಟ್ ಮುಗಿದ ಮೇಲೆ ಓಡುವ ಮೆಥಡ್) ಬರೆದು ಅಲ್ಲಿಂದ ನಾವೇ ಕರೆಯಬೇಕು.

ಹಾಗೇ ಕಾಂಪೊಸಿಷನ್, ಅಂದರೆ ಸಬ್‌ಕ್ಲಾಸ್ ಮಾಡುವ ಬದಲು ಒಂದು ಆಬ್ಜೆಕ್ಟ್ ಒಳಗೆ ಇನ್ನೊಂದನ್ನು ಇಡುವುದು. ಊಟಕ್ಕೆ ಬಿಡುವ ಹೊತ್ತಿನಲ್ಲಿ ಐದು ನಿಮಿಷ ಹೇಳಿ ಬಿಟ್ಟರು. ಚೆರಿ, ಮೆಣಸು ಎಂದು ಬೇರೆ ಬೇರೆ ಕ್ಲಾಸ್ ಬೇಕೇ ಬೇಕಾ, ಸರಕು ಒಂದೇ ಇಟ್ಟು ಅದಕ್ಕೆ ದರ ಲೆಕ್ಕ ಹಾಕುವ ಒಂದು ಆಬ್ಜೆಕ್ಟನ್ನು ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಸಾಲದಾ ಅನ್ನುವ ಪ್ರಶ್ನೆಯನ್ನು ಹೋಂಸ್ಟೇಯವರು ಕೇಳಿದರು. ಸಾಕು, ಎಷ್ಟೋ ಕಡೆ ಅದೇ ಒಳ್ಳೆಯದು ಎಂದರು ಮೇಡಂ, ಆದರೆ ಮಾಡಿ ತೋರಿಸಲಿಲ್ಲ. ಸಬ್‌ಕ್ಲಾಸ್ ಬೇಕಾ ಬೇಡವಾ ಎಂದು ನಿರ್ಧರಿಸುವುದನ್ನೇ ಕಲಿಸದೆ ಸಬ್‌ಕ್ಲಾಸ್ ಚೆನ್ನಾಗಿ ಬರೆಯುವುದನ್ನು ಕಲಿಸಿದರೆ ಅರ್ಧ ಕೆಲಸ ಆದಂತೆ.

ಇನ್ನು ಪಾಠದ ಹೊರಗಿನ ದೂರುಗಳು. ಶನಿವಾರ, ಭಾನುವಾರ ಕ್ಲಾಸ್ ಇಟ್ಟರೆ ಕೊಡಗಿನಲ್ಲಿ ಯಾರಿಗೆ ಬಿಡುವು ಎಂದು ಇವರು ಯೋಚಿಸಿದ ಹಾಗಿಲ್ಲ. ಹೋಂಸ್ಟೇ, ಜೀಪು, ಹೋಟೆಲ್ ನಡೆಸುವವರಿಗೆಲ್ಲ ಅವೆರಡೇ ದುಡಿಯುವ ದಿನ. ಆ ಹೋಂಸ್ಟೇಯವರು ಪಾಠದ ಮಧ್ಯೆ ಎದ್ದು ಹೋಗಿ ಗೆಸ್ಟ್‌ಗೆ ದಾರಿ ಹೇಳುತ್ತಿದ್ದರು. ರಾಜಾಸೀಟ್ ನೋಡಲು ಬಂದ ಕಾರುಗಳ ಮಧ್ಯೆ ಪಾರ್ಕಿಂಗ್ ಹುಡುಕುವುದೇ ಒಂದು ಕೋರ್ಸ್. ವಿರಾಜಪೇಟೆ, ಗೋಣಿಕೊಪ್ಪ ಕಡೆಯವರು ಬಸ್ಸಿಗೆ ಬನ್ನಿ, ಅದೇ ನೆಮ್ಮದಿ. ಮಂಗಳವಾರ, ಬುಧವಾರ ಸಂಜೆ ಒಂದು ಬ್ಯಾಚ್ ಮಾಡಿ ಎಂದು ಹೇಳಿದ್ದೇವೆ, ನೋಡೋಣ ಎಂದಿದ್ದಾರೆ.

ಮಳೆಗಾಲದ ಬ್ಯಾಚ್ ಅಂದರೆ ಕರೆಂಟ್ ಇಲ್ಲ ಅಂತಲೇ ಲೆಕ್ಕ. ಜುಲೈನಲ್ಲಿ ಮಡಿಕೇರಿಯಲ್ಲಿ ಕರೆಂಟ್ ನಂಬಿ ಕಂಪ್ಯೂಟರ್ ಕ್ಲಾಸ್ ಮಾಡುವವರು ಒಂದು ಯುಪಿಎಸ್ ಇಡಬೇಕಲ್ವಾ? ಇಟ್ಟಿದ್ದಾರೆ, ಬ್ಯಾಟರಿ ಸತ್ತಿದೆ. ಕರೆಂಟ್ ಹೋದ ದಿನ ಮೇಡಂ ಬೋರ್ಡ್ ಮೇಲೆ ಕೋಡ್ ಬರೆದು, ಯಾವ ಸಾಲಿನಲ್ಲಿ ಯಾವ ಆಟ್ರಿಬ್ಯೂಟ್ ಹುಟ್ಟುತ್ತದೆ ಎಂದು ಕೈಯಲ್ಲೇ ಓಡಿಸಿದರು. ಅದು ಅವರ ದೊಡ್ಡತನ, ಆಫೀಸಿನದ್ದಲ್ಲ. ಹಾಳಾದ ತರಗತಿಗಳ ರೆಕಾರ್ಡಿಂಗ್ ಕೊಡುತ್ತೇವೆ ಎಂದು ಸೇರುವಾಗ ಹೇಳಿದ್ದರು, ಇವತ್ತಿನವರೆಗೆ ಬಂದಿಲ್ಲ. ಕೇಳಿದರೆ ವಾಟ್ಸಾಪ್‌ನಲ್ಲಿ ಕೈಮುಗಿಯುವ ಇಮೋಜಿ ಬರುತ್ತದೆ.

ಒಂದು ವಿಷಯದಲ್ಲಿ ಮೆಚ್ಚಬೇಕು, ಬ್ಯಾಚ್‌ಗಳನ್ನು ಇಟ್ಟುಕೊಂಡಿರುವ ರೀತಿ. ಕೈಲ್‌ಪೋಳ್ದ್, ಕಾವೇರಿ ಸಂಕ್ರಮಣಕ್ಕೆ ಬಿಡುವು, ಪುತ್ತರಿಗೆ ಮೊದಲೇ ಕೋರ್ಸ್ ಮುಗಿಯುತ್ತದೆ. ಅರೇಬಿಕಾ ಕುಯ್ಲು ಜೋರಾದ ಮೇಲೆ ತೋಟದವರು ಯಾರೂ ಬರುವುದಿಲ್ಲ ಎಂದು ಅವರಿಗೂ ಗೊತ್ತು. ಅದರ ಮುಂದಿನ ಬ್ಯಾಚ್ ರೋಬಸ್ಟಾ ಮುಗಿದ ಮೇಲೆ.

ಯಾರು ಸೇರಬಹುದು? ಲೂಪ್, ಫಂಕ್ಷನ್ ಬರುತ್ತದೆ, ಕ್ಲಾಸ್ ಬರೆದಾಗ ಮಾತ್ರ ಎಲ್ಲ ಕಲಸಿಕೊಳ್ಳುತ್ತದೆ ಅನ್ನುವವರು ಕಣ್ಣುಮುಚ್ಚಿ ಸೇರಿ. ಶುರುವಿನಿಂದ ಕಲಿಯುವವರಿಗೆ ಮೊದಲ ಭಾಗ ಓಟ ಜಾಸ್ತಿ ಆಗುತ್ತದೆ, ಅಂಕಲ್ ಬಹಳ ಕಷ್ಟಪಟ್ಟರು. ಕೆಲಸದ ಇಂಟರ್ವ್ಯೂಗೆ ಸರ್ಟಿಫಿಕೇಟ್ ಬೇಕು ಅನ್ನುವವರು ಬೇರೆ ಕಡೆ ನೋಡಿ, ಇಲ್ಲಿ ಕೊಡುವ ಕಾಗದವನ್ನು ಯಾರೂ ಕೇಳುವುದಿಲ್ಲ. ಸೇರುವುದಾದರೆ ಸ್ವಂತ ಲ್ಯಾಪ್‌ಟಾಪ್ ತನ್ನಿ, ಬ್ಯಾಟರಿ ಚಾರ್ಜ್ ಮಾಡಿಕೊಂಡು. ಅವರ ಮಷೀನುಗಳಲ್ಲಿ ಇನ್ನೂ ಪೈಥಾನ್ 3.8 ಇದೆ, ಡೇಟಾಕ್ಲಾಸ್‌ನ ಆ ಕೀವರ್ಡ್ ಆಯ್ಕೆ ಅದರಲ್ಲಿ ಓಡುವುದಿಲ್ಲ. ಮತ್ತೆ, ಸಿಎಸ್‌ವಿ ಕ್ಲಾಸ್‌ಮೆಥಡ್ ವಿಷಯವನ್ನು ನೀವೇ ಕೇಳಿ. ಕೇಳಿದರೆ ಮೇಡಂ ಹೇಳಿಕೊಡುತ್ತಾರೆ, ಸಿಲಬಸ್‌ನಲ್ಲಿ ಇಲ್ಲ ಅಷ್ಟೇ.